ಬಚ್ಚಲೊಲೆಯ ಒಳಮೈಗೆ ಪೈಂಟೋ, ಸುಣ್ಣವೋ, ಆವೆಮಣ್ಣೋ?

ಉಡುಪಿ ಕಡೆಯ ಹಿತ್ತಿಲುಗಳಲ್ಲಿ ಮಡಲು, ಗೆರಟೆ, ತೆಂಗಿನ ಸಿಪ್ಪೆಗೆ ಬರವಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಸ್ನಾನದ ನೀರು ಈಗಲೂ ಹಂಡೆಯಲ್ಲೇ ಕಾಯುತ್ತದೆ. ಆದರೆ ಕೆಂಪುಕಲ್ಲಿನ ಒಲೆಯ ಒಳಮೈ ಉದುರತೊಡಗಿದರೆ ಸಂದುಗಳಿಂದ ಹೊಗೆ ಬಚ್ಚಲಿಗೆ ನುಗ್ಗುತ್ತದೆ. ಬಾಗಿಲು ಮುಚ್ಚಿ ಸ್ನಾನ ಮಾಡುವವರಿಗೆ ಅದು ನಿಜವಾದ ಅಪಾಯ. ಏನು ಬಳಿದರೆ ನಿಲ್ಲುತ್ತದೆಂದು ತಿಳಿಯಲು ಒಂದೇ ಒಲೆಯ ಎಡಗೋಡೆಗೆ ಶಾಖನಿರೋಧಕ ಪೈಂಟ್, ಹಿಂಬದಿಗೆ ಚಿಪ್ಪಿನ ಸುಣ್ಣ, ಬಲಗೋಡೆಗೆ ಆವೆಮಣ್ಣು ಬಳಿದು ನೋಡಿದೆ. ಸಾಮಾನ್ಯ ಎನಾಮೆಲ್ ಅನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೆಂಕಿಗೆ ಅದೇ ಉರಿದು ವಿಷದ ಹೊಗೆ ಬಿಡುತ್ತದೆ.

ಪೈಂಟ್ ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿ ಓದಲೇಬೇಕು. 200 ಡಿಗ್ರಿಯದೂ ಇದೆ, 600 ಡಿಗ್ರಿಯದೂ ಇದೆ. ನಾನು ತಂದದ್ದು 600ರದು. ಆದರೂ ಸೌದೆಯ ಜ್ವಾಲೆ 800 ಡಿಗ್ರಿ ದಾಟಬಲ್ಲದು. ಉರಿ ನೇರವಾಗಿ ನೆಕ್ಕುವ ಜಾಗದಲ್ಲಿ ಪೈಂಟ್ ಬೂದಿಬಣ್ಣಕ್ಕೆ ತಿರುಗಿ ಪದರಪದರವಾಗಿ ಎದ್ದಿತು. ಅದೇ ಪೈಂಟ್ ಒಲೆಯ ಕಬ್ಬಿಣದ ಬಾಗಿಲಿನ ಮೇಲೆ ಮಾತ್ರ ಸೊಗಸಾಗಿ ಕೂತಿದೆ, ಮಳೆಗಾಲದಲ್ಲೂ ತುಕ್ಕು ಹಿಡಿದಿಲ್ಲ. ಬಳಿಯುವಾಗ ಬೂದಿಯಡಿ ಒಂದು ಕೆಂಡವೂ ಇರಬಾರದು, ಏಕೆಂದರೆ ಅದರ ಆವಿಗೆ ಬೆಂಕಿ ಹತ್ತುತ್ತದೆ. ಮೊದಲ ಸಲ ಉರಿ ಹಾಕಿದಾಗ ಘಾಟು ಬರುತ್ತದೆ. ಕಿಟಕಿ ತೆರೆದಿಟ್ಟು ಮಕ್ಕಳನ್ನು ದೂರವಿಡಿ.

ಸುಣ್ಣ ಅಗ್ಗ, ನೋಡಲು ಚೆನ್ನ. ಹಿಂಬದಿಗೇ ಬೆಂಕಿ ಹೆಚ್ಚು ತಾಗುವುದರಿಂದ ಅದಕ್ಕೆ ಸ್ವಲ್ಪ ಅನ್ಯಾಯವಾಯಿತೆನ್ನಬಹುದು. ಆದರೂ ಬೇಗನೆ ಪುಡಿಯಾಗಿ ಉದುರಿತು. ಉರಿ ತಾಗದ ಮೇಲ್ಗೋಡೆಗೆ ಅದು ಸಾಕು.

ಗೆದ್ದದ್ದು ಆವೆಮಣ್ಣು. ಬರಿಯ ಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಅದನ್ನು ತಡೆಯುವುದು ಹಂಚಿನ ಪುಡಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಕಾರ್ಖಾನೆ ತೆರೆದಂದಿನಿಂದ ನಮ್ಮ ಕರಾವಳಿಯಲ್ಲಿ ಒಡೆದ ಹಂಚಿಗೆ ಕೊರತೆಯಿಲ್ಲ. ಒಮ್ಮೆ ಗೂಡಿನಲ್ಲಿ ಬೆಂದು ಬಂದ ಆ ಪುಡಿ ಮತ್ತೆ ಕುಗ್ಗುವುದಿಲ್ಲ. ಎರಡು ಪಾಲು ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಹಂಚಿನ ಪುಡಿ, ಹಿಡಿಯಷ್ಟು ಸೆಗಣಿ ಸೇರಿಸಿ ಕಲಸಿದೆ. ಸಿಮೆಂಟ್ ಬೆರೆಸಲು ಮೇಸ್ತ್ರಿ ಒತ್ತಾಯಿಸಿದರು, ನಾನು ಒಪ್ಪಲಿಲ್ಲ. ಸಾಮಾನ್ಯ ಸಿಮೆಂಟ್ ಇಂಥ ಶಾಖಕ್ಕೆ ಬಲ ಕಳೆದುಕೊಳ್ಳುತ್ತದೆ.

ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂತಿಬ್ರಷ್‌ನಿಂದ ಮಸಿ ಕೆರೆದು, ಕಲ್ಲಿಗೆ ನೀರು ಚಿಮುಕಿಸಿ, ತೆಳುವಾಗಿ ಎರಡು ಸಲ ಬಳಿಯಬೇಕು. ನೆರಳಿನಲ್ಲೇ ಪೂರ್ತಿ ಒಣಗಲಿ. ಹಸಿ ಇರುವಾಗ ದೊಡ್ಡ ಉರಿ ಹಾಕಿದರೆ ಒಳಗಿನ ನೀರು ಆವಿಯಾಗಿ ಗಿಲಾವು ಸಿಡಿಯುತ್ತದೆ. ಮೊದಲು ಒಣ ಸೋಗೆಯ ಸಣ್ಣ ಉರಿ, ಆಮೇಲೆ ಸೌದೆ. ಗೆರಟೆಯ ಉರಿ ಬಲು ತೀಕ್ಷ್ಣ, ಅದು ಕೊನೆಗೆ. ಈಗ ಉಳಿದೆರಡು ಗೋಡೆಗಳನ್ನೂ ಕೆರೆದು ಇದನ್ನೇ ಬಳಿದಿದ್ದೇನೆ. ಕೂದಲೆಳೆಯ ಬಿರುಕು ಕಂಡರೆ ಒಲೆ ತಣ್ಣಗಿರುವಾಗ ತಿಳಿಮಣ್ಣು ಸವರಿದರೆ ಮುಚ್ಚಿಹೋಗುತ್ತದೆ.