ಐಬಿಎಂ ಝಡ್ ಮೇನ್‌ಫ್ರೇಮ್: ಆಯಸ್ಸು ಲೆಕ್ಕ ಹಾಕೋದು ಹೇಗೆ?

ಮೇನ್‌ಫ್ರೇಮ್ ಅಂದರೆ ಬ್ಯಾಂಕಿನಂಥ ದೊಡ್ಡ ಸಂಸ್ಥೆಗಳು ಬಳಸುವ ದೊಡ್ಡ ಕಂಪ್ಯೂಟರ್. ಮೊದಲೇ ಹೇಳಿಬಿಡ್ತೀನಿ, ಅದರ ಹಾರ್ಡ್‌ವೇರ್ ಬಗ್ಗೆ ನನ್ನ ತಕರಾರಿಲ್ಲ. ಬೆಂಗಳೂರಲ್ಲಿ ಕೂತು ಹೊರದೇಶದ ಗ್ರಾಹಕರ ಮೆಷಿನ್ ನೋಡಿಕೊಳ್ಳುವ ಸಿಸ್ಟಮ್ ಪ್ರೋಗ್ರಾಮರ್ ನಾನು. ಏನಾದರೂ ಕೆಟ್ಟರೆ ಮೆಷಿನ್ ತಾನೇ ಸರ್ವೀಸ್‌ಗೆ ಸುದ್ದಿ ಮುಟ್ಟಿಸುತ್ತದೆ. ಇಂಜಿನಿಯರ್ ಬಂದು ಭಾಗ ಬದಲಾಯಿಸಿ ಹೋಗುತ್ತಾರೆ, ಬಹಳಷ್ಟು ಸಲ ಮೇಲೆ ಓಡುತ್ತಿರುವ ಬ್ಯಾಚ್ ಕೆಲಸಗಳಿಗೆ (ಗುಂಪಾಗಿ ಓಡಿಸುವ ಪ್ರೋಗ್ರಾಂಗಳಿಗೆ) ಅದು ಗೊತ್ತೇ ಆಗಲ್ಲ.

ಹಾಗಾಗಿ ‘ಡಬ್ಬ ಎಷ್ಟು ವರ್ಷ ಬಾಳುತ್ತೆ’ ಅಂತ ಕೇಳಿ ಪ್ರಯೋಜನವಿಲ್ಲ. ಅದರ ಮೇಲೆ ಓಡುವ ಕೊನೆಯ ಝಡ್‌ಓಎಸ್, ಅಂದರೆ ಈ ಮೆಷಿನ್‌ಗಳ ಆಪರೇಟಿಂಗ್ ಸಿಸ್ಟಮ್, ಯಾವುದು ಅಂತ ಕೇಳಬೇಕು. ಝಡ್‌ಓಎಸ್‌ನ ಹೊಸ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಪ್ರತಿಯೊಂದಕ್ಕೂ 5 ವರ್ಷ ಬೆಂಬಲ. ಆಮೇಲೂ ಬೇಕಂದ್ರೆ 3 ವರ್ಷದವರೆಗೆ ಬೇರೆ ದುಡ್ಡು ಕಟ್ಟಿ ಎಳೆಯಬಹುದು. ಝಡ್14 ಎಂಬ ಮಾದರಿ ಬಂದಿದ್ದು 2017ರಲ್ಲಿ. ಅದು ಒಪ್ಪುವ ಕೊನೆಯ ಆವೃತ್ತಿ 3.1, ಅದು 2023ರ ಸೆಪ್ಟೆಂಬರ್‌ನದು, ಅಂದರೆ 2028ರ ಸೆಪ್ಟೆಂಬರ್‌ವರೆಗೆ. 11 ವರ್ಷ. 2015ರ ಝಡ್13ಕ್ಕೆ 2.5 ಕೊನೆ, 2026ಕ್ಕೆ ಮುಗಿಯುತ್ತೆ. ಮತ್ತೆ 11! ಅದಕ್ಕೂ ಹಿಂದಿನ ಮಾದರಿ ಝಡ್‌ಇಸಿ12ಗೆ ಮಾತ್ರ ಒಂದು ವರ್ಷ ಜಾಸ್ತಿ ಸಿಕ್ಕಿತ್ತು.

ಅಪ್‌ಗ್ರೇಡ್ ಬಾಗಿಲು ಇದಕ್ಕಿಂತ ಬೇಗ ಮುಚ್ಚುತ್ತದೆ, ಜನ ಎಡವೋದು ಇಲ್ಲೇ. ಹಿಂದಿನ ಎರಡು ತಲೆಮಾರಿನಿಂದ ಮಾತ್ರ ಹೊಸದಕ್ಕೆ ನೇರವಾಗಿ ಏರಬಹುದು. 2022ರ ಝಡ್16ಗೆ ಝಡ್14ರಿಂದ ದಾರಿ ಇತ್ತು, 2025ರ ಝಡ್17ಗೆ ಇಲ್ಲ. ಹೀಗೆ ಏರಿದಾಗ ಒಳಗಿನದ್ದೆಲ್ಲ ಹೆಚ್ಚುಕಮ್ಮಿ ಹೊಸದೇ ಬಂದರೂ ಸೀರಿಯಲ್ ನಂಬರ್ ಹಳೆಯದೇ ಉಳಿಯುತ್ತದೆ. ನಮಗೆ ಅದೇನು ದೊಡ್ಡದಲ್ಲ, ಆದರೆ ಅಕೌಂಟ್ಸ್‌ನವರಿಗೆ ಸವಕಳಿ ಲೆಕ್ಕ ಇರುತ್ತದಲ್ವಾ, ಅವರಿಗೆ ಅದೇ ಮುಖ್ಯ.

ನಾನೂ ಎಡವಿದ್ದೇನೆ. 2021ರಲ್ಲಿ ಒಬ್ಬ ಗ್ರಾಹಕರು, ಹೆಸರು ಬೇಡ, ಸೆಕೆಂಡ್ ಹ್ಯಾಂಡ್ ಝಡ್13 ತಗೊಂಡರು. ಅಗ್ಗಕ್ಕೆ ಸಿಕ್ಕಿತ್ತು. ಹತ್ತು ವರ್ಷ ಆರಾಮ ಅಂತ ಶೀಟ್‌ನಲ್ಲಿ ಬರೆದವನು ನಾನೇ, ಕೊಂಡ ದಿನದಿಂದ ಎಣಿಸಿದ್ದೆ. ಉಪ್ಪಿನಕಾಯಿ ಬಾಟಲಿಗೆ ತಯಾರಾದ ದಿನ ನೋಡುವವನು ಕೋಟಿಗಟ್ಟಲೆಯ ಮೆಷಿನ್‌ಗೆ ನೋಡಲಿಲ್ಲ. ಝಡ್15ಕ್ಕೆ ಏರುವ ದಾರಿ ಆಗ ಇನ್ನೂ ತೆರೆದಿತ್ತು, ಅದನ್ನೂ ಯಾರೂ ವಿಚಾರಿಸಲಿಲ್ಲ.

ಇಷ್ಟಾದರೂ ಇದನ್ನೇ ಮೆಚ್ಚುತ್ತೇನೆ. 1964ರ ಐಬಿಎಂ ಮೇನ್‌ಫ್ರೇಮ್ ಸಿಸ್ಟಮ್/360ಗೆ ಬರೆದ ಅಪ್ಲಿಕೇಶನ್ ಪ್ರೋಗ್ರಾಂಗಳು ಇವತ್ತಿನ ಮೆಷಿನ್‌ನಲ್ಲೂ ಓಡುತ್ತವೆ, ಸುಮ್ನೆ ಮಾತಲ್ಲ. ಫುಜಿಟ್ಸು ಮೇನ್‌ಫ್ರೇಮ್ ಇಟ್ಟುಕೊಂಡವರ ಪಾಡು ನೋಡಿ: 2030ಕ್ಕೆ ಮಾರಾಟ ಬಂದ್, 2035ಕ್ಕೆ ಬೆಂಬಲ ಬಂದ್ ಅಂತ ಕಂಪನಿಯೇ ಹೇಳಿಬಿಟ್ಟಿದೆ. ಅವರು ಮೆಷಿನ್ ಅಲ್ಲ, ಮನೆಯನ್ನೇ ಬದಲಾಯಿಸಬೇಕು.

ಈಗ ನನ್ನ ಮೇಜಿನ ಮೇಲೆ ಇನ್ನೊಂದು ಕೊಟೇಶನ್ ಇದೆ, ಹಳೆಯ ಝಡ್15ಕ್ಕೆ. ರೇಟು ಚೆನ್ನಾಗೇ ಇದೆ. 2025ರ ಸೆಪ್ಟೆಂಬರ್‌ನ ಝಡ್‌ಓಎಸ್ 3.2 ಅದರ ಮೇಲೆ ಓಡುತ್ತೆ, ಮುಂದಿನದು ಓಡುತ್ತೆ ಅಂತ ನಂಬಿ ದುಡ್ಡು ಹಾಕಲ್ಲ. ಮೇಲೆ ದೊಡ್ಡದಾಗಿ ‘2030 ಸೆಪ್ಟೆಂಬರ್’ ಅಂತ ಬರೆದು ವಾಪಸ್ ಕಳಿಸಿದ್ದೇನೆ.