ಕನ್ನಡಿ ಮುಖವಾಡ: ಹದಿನಾಲ್ಕು ತಿಂಗಳ ಬಳಕೆಯ ನಂತರ

ನಗರದ ಒಂದು ಸಣ್ಣ ಕಲಾ ಸ್ಟುಡಿಯೋದಿಂದ ಕಳೆದ ವರ್ಷ ಏಪ್ರಿಲ್‌ನಲ್ಲಿ ₹14,500 ಕೊಟ್ಟು ಕೊಂಡ ಈ ಮುಖವಾಡವನ್ನು ಕಟ್ಟಿಕೊಂಡರೆ, ಸುಮಾರು 6.3 ಸೆಂ.ಮೀ. ಇರುವ ಕಣ್ಣುಗಳ ನಡುವಿನ ಅಂತರ 22 ಸೆಂ.ಮೀ.ಗೆ ಹಿಗ್ಗಿದಂತಾಗುತ್ತದೆ. ಪ್ರತಿ ಕಣ್ಣಿನ ಮುಂದೆ ಓರೆಯಾಗಿ ನಿಂತ ಸಣ್ಣ ಕನ್ನಡಿ, ಕಿವಿಯಾಚೆ ಅದಕ್ಕೆ ಸಮಾನಾಂತರವಾಗಿ ಇನ್ನೊಂದು ದೊಡ್ಡದು; ಒಟ್ಟು ನಾಲ್ಕು. ಬ್ಯಾಟರಿಯಿಲ್ಲ, ಪರದೆಯಿಲ್ಲ. 1857ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ರೂಪಿಸಿದ ಟೆಲಿಸ್ಟೀರಿಯೋಸ್ಕೋಪಿನ, ಅಂದರೆ ದೂರದ ನೋಟದ ಆಳವನ್ನು ಹೆಚ್ಚಿಸಿ ತೋರಿಸುವ ಉಪಕರಣದ, ತತ್ತ್ವವೇ ಇದು. ಅದನ್ನು ತೊಡುವ ಕಲಾಕೃತಿಯಾಗಿಸಿ, ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆಮರದ ಚೌಕಟ್ಟಿಗೆ ಅರಗಿನ ಬಣ್ಣ ಕೊಟ್ಟಿರುವುದು ಸ್ಟುಡಿಯೋದವರ ಕೈಚಳಕ.

ಇದನ್ನು ಮನೆಯೊಳಗೆ ಪರೀಕ್ಷಿಸಬಾರದು. ಹತ್ತಿರದ್ದನ್ನು ನೋಡಲು ಕಣ್ಣುಗುಡ್ಡೆಗಳು ಮೂಗಿನತ್ತ ವಿಪರೀತ ತಿರುಗಬೇಕಾಗಿ ಹಣೆ ನೋಯುತ್ತದೆ. ಕಾಫಿ ಲೋಟಕ್ಕೆ ಚಾಚಿದ ಕೈ ಲೋಟ ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಇದನ್ನು ತೊಟ್ಟು ಮೆಟ್ಟಿಲಿಳಿಯುವ ಸಾಹಸವಂತೂ ಬೇಡ.

ಇದರ ನಿಜವಾದ ಜಾಗ ತಾರಸಿ. ಜಯನಗರದ ನಮ್ಮ ಮನೆಯ ಮೇಲಿಂದ ನೋಡಿದರೆ, ಕಂಬಗಳ ಮೇಲೆ ಸಾಗುವ ಹಸಿರು ಮಾರ್ಗದ ಮೆಟ್ರೋ ರೈಲು ದಸರಾ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿಟ್ಟ ಆಟಿಕೆಯಂತೆ, ಕೈಗೆತ್ತಿಕೊಳ್ಳಬಹುದು ಎನ್ನುವಷ್ಟು ಪುಟ್ಟದಾಗಿ ಕಾಣುತ್ತದೆ. ಕನ್ನಡಿ ಯಾವುದನ್ನೂ ಕುಗ್ಗಿಸುವುದಿಲ್ಲ. ಕಣ್ಣುಗಳ ಅಂತರ ಎಂದಿನಷ್ಟೇ ಇದೆಯೆಂದು ನಂಬಿದ ಮಿದುಳು ದೂರದ್ದನ್ನು ಹತ್ತಿರವೆಂದೂ, ಹತ್ತಿರವಿದ್ದೂ ಇಷ್ಟೇ ಕಾಣುತ್ತಿರುವುದರಿಂದ ಪುಟ್ಟದೆಂದೂ ಲೆಕ್ಕ ಹಾಕುತ್ತದೆ. ಲಾಲ್‌ಬಾಗಿನ ಬಂಡೆಯ ಮೇಲೆ, ಕೆಂಪೇಗೌಡ ಗೋಪುರದ ಪಕ್ಕದಲ್ಲಿ ನಿಂತಾಗ, ಬರಿಗಣ್ಣಿಗೆ ಒಂದೇ ಹಸಿರು ಗೋಡೆಯಾಗಿದ್ದ ಮರಗಳು ಒಂದರ ಹಿಂದೊಂದು ಬಿಡಿಬಿಡಿಯಾಗಿ ನಿಂತವು. ಹಾರುತ್ತಿದ್ದ ಹದ್ದು ಯಾವ ಮರದ ಮುಂದಿದೆ, ಯಾವುದರ ಹಿಂದಿದೆ ಎಂದು ಹೇಳಬಹುದಾಗಿತ್ತು. (ಅಲ್ಲಿನ ಕಾವಲುಗಾರರು ನನ್ನನ್ನು ಸರ್ವೆಯವನೆಂದು ತಿಳಿದು, “ರಸ್ತೆ ಎಲ್ಲಿ ಬರುತ್ತೆ ಸಾರ್?” ಎಂದು ಆತಂಕದಿಂದ ಕೇಳಿದರು.)

ತಕರಾರು ಶುರುವಾದದ್ದು ಮಳೆಗಾಲದಲ್ಲಿ. ತೇವ ಹೀರಿದ ಮರ ಉಬ್ಬಿ, ಎಡಗಡೆಯ ದೊಡ್ಡ ಕನ್ನಡಿ ಕೂದಲೆಳೆಯಷ್ಟು ಮೇಲಕ್ಕೆ ವಾಲಿತು. ಅಕ್ಕಪಕ್ಕದ ವ್ಯತ್ಯಾಸವನ್ನು ಕಣ್ಣುಗಳು ಹೇಗೋ ಸರಿದೂಗಿಸಿಕೊಳ್ಳುತ್ತವೆ. ಒಂದು ಕಣ್ಣಿನ ಬಿಂಬ ಮೇಲೆ, ಇನ್ನೊಂದರದು ಕೆಳಗೆ ಆದರೆ ಹೊಂದಿಕೊಳ್ಳುವ ಶಕ್ತಿ ಅವುಗಳಿಗೆ ತೀರ ಕಡಿಮೆ. ತೆಂಗಿನ ಮರ ಎರಡಾಗಿ ಕಂಡು, ಹತ್ತು ನಿಮಿಷದಲ್ಲಿ ಓಕರಿಕೆ ಬಂತು. ಮೂರು ವಾರದಲ್ಲಿ ಸರಿಪಡಿಸುವುದಾಗಿ ಹೇಳಿ ತೆಗೆದುಕೊಂಡು ಹೋದ ಸ್ಟುಡಿಯೋದವರು ಎರಡು ತಿಂಗಳ ಮೇಲೆ ಹಿಂದಿರುಗಿಸಿದರು. ವಿನ್ಯಾಸದ ತಪ್ಪನ್ನು ನಾನು ಇಲ್ಲಿಯೇ ಕಾಣುತ್ತೇನೆ: ಚೆಂದಕ್ಕೆಂದು ಆರಿಸಿದ ಮರದ ಮೇಲೆಯೇ ಕನ್ನಡಿಯ ಭಾರವನ್ನೂ ಹೊರಿಸಿದ್ದಾರೆ. ಕನ್ನಡಿಗಳನ್ನು ಒಳಗಿನ ಅಲ್ಯೂಮಿನಿಯಂ ಪಟ್ಟಿಗೆ ಕೂರಿಸಿ, ಮರವನ್ನು ಹೊರಗವಚವಾಗಿಯಷ್ಟೇ ಉಳಿಸಬಹುದಿತ್ತು.

ಕನ್ನಡಿಯ ಲೇಪ ಗಾಜಿನ ಹಿಂದಿಲ್ಲ, ಮುಂದಿದೆ. ಹಾಗಾಗಿ ಎರಡೆರಡು ಬಿಂಬ ಮೂಡುವುದಿಲ್ಲ, ನಿಜ. ಆದರೆ ನಮ್ಮ ಅಕ್ಕ ಧೂಳು ಕಂಡು ಸೆರಗಿನಿಂದ ಒಮ್ಮೆ ಒರೆಸಿದ್ದಕ್ಕೆ ಬಿದ್ದ ಗೀರು ಇಂದಿಗೂ ಇದೆ. ಈ ಎಚ್ಚರಿಕೆಯನ್ನು ಪೆಟ್ಟಿಗೆಯ ಮೇಲೆ ಮುದ್ರಿಸಬೇಕಿತ್ತು. 480 ಗ್ರಾಂ ತೂಕವೆಲ್ಲ ಮುಂಭಾಗಕ್ಕೇ ಬೀಳುವುದರಿಂದ, ತಲೆಗೆ ಹತ್ತಿಬಟ್ಟೆ ಸುತ್ತಿಕೊಂಡೇ ಕಟ್ಟುತ್ತೇನೆ.

ತಾರಸಿಯೋ ಎತ್ತರದ ಬಾಲ್ಕನಿಯೋ ಇದ್ದು, ಸ್ಕ್ರೂ ತಿರುಗಿಸುವ ತಾಳ್ಮೆಯೂ ಇರುವವರು ಕೊಳ್ಳಬಹುದು. ಉಡುಗೊರೆಯಾಗಿ ಕೊಡಲು ನಾನು ಹೇಳಲಾರೆ. ಈ ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಸಂಜೆಯೇ ಎಡಗಡೆಯ ಎರಡು ಸ್ಕ್ರೂಗಳನ್ನು ಕಾಲು ಸುತ್ತು ಸಡಿಲಿಸಿ, ಎದುರಿನ ತೆಂಗಿನ ಮರ ಒಂದೇ ಆಗುವವರೆಗೆ ಕನ್ನಡಿಯನ್ನು ಸರಿಸುತ್ತ ಕುಳಿತಿದ್ದೆ.