ಬಂದ ಪಾಲಿನ ಹಣ ಎಲ್ಲಿಡುವುದು? ಸಾಲ, ಎಫ್‌ಡಿ, ಚಿನ್ನ, ಇಂಡೆಕ್ಸ್ ಫಂಡ್, ಎಲ್ಲವನ್ನೂ ನೋಡಿದ ಮೇಲೆ

ಸೋದರತ್ತೆ ತೀರಿಕೊಂಡ ಮೇಲೆ ನನ್ನ ಪಾಲಿಗೆ ಸ್ವಲ್ಪ ಹಣ ಬಂತು. ಮನೆ ಕೊಳ್ಳುವಷ್ಟಲ್ಲ, ಆದರೆ ಸುಮ್ನೆ ಖರ್ಚು ಮಾಡಿ ಮುಗಿಸಲು ಮನಸ್ಸು ಬರದಷ್ಟು. ಸಂಬಳದ ಹಣ ಹೋದರೆ ಮತ್ತೆ ದುಡಿಯಬಹುದು, ಇದು ಹೋದರೆ ಹೋಯಿತು. ಹಾಗಾಗಿ ಒಂದೇ ಕಡೆ ಹಾಕದೆ, ಪಾಲು ಮಾಡಿ ಬೇರೆ ಬೇರೆ ಕಡೆ ಇಟ್ಟು ನೋಡಿದೆ.

ಮೊದಲು ಎಲ್ಲವೂ ಉಳಿತಾಯ ಖಾತೆಯಲ್ಲಿತ್ತು. ದುಃಖದಲ್ಲಿರುವಾಗ ದೊಡ್ಡ ತೀರ್ಮಾನ ಬೇಡ ಅನ್ನುವವರಿಗೆ ಇದೇ ಸರಿ. ಕೆಲವು ತಿಂಗಳಿಗೆ ಸಾಕು, ಅದಕ್ಕಿಂತ ಜಾಸ್ತಿ ಬೇಡ.

ಹೂಡಿಕೆ ಅಂದಾಗ ಯಾರೂ ಸಾಲ ತೀರಿಸುವ ಮಾತೇ ಎತ್ತುವುದಿಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಅದೇ. 12 ಪರ್ಸೆಂಟ್ ಬಡ್ಡಿಯ ಸಾಲ ತೀರಿಸಿದರೆ ವರ್ಷಕ್ಕೆ 12 ಪರ್ಸೆಂಟ್ ಉಳಿದ ಹಾಗೆ. ಅದು ಖಚಿತ, ಮಾರುಕಟ್ಟೆ ಬಿದ್ದರೂ ಎದ್ದರೂ ಬದಲಾಗುವುದಿಲ್ಲ. ಉಳಿದ ಬಡ್ಡಿಗೆ ಯಾರೂ ತೆರಿಗೆ ಕೇಳುವುದಿಲ್ಲ. ಇಷ್ಟು ಖಚಿತವಾಗಿ ಇಷ್ಟು ಕೊಡುವ ಇನ್ನೊಂದು ಜಾಗ ನನಗೆ ಸಿಕ್ಕಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿ ಇದ್ದರಂತೂ ಯೋಚನೆಯೇ ಬೇಡ, ಮೊದಲು ಅದನ್ನು ಮುಗಿಸಿ. ಕಡಿಮೆ ಬಡ್ಡಿಯ ದೀರ್ಘ ಸಾಲವಾದರೆ ಮಾತ್ರ ಸ್ವಲ್ಪ ಲೆಕ್ಕ ಹಾಕಬೇಕು.

ಎಫ್‌ಡಿ ಕೊಡುವುದು ನೆಮ್ಮದಿ. ನಾನು ಮೊತ್ತವನ್ನು ಮೂರು ಭಾಗ ಮಾಡಿ 1, 2, 3 ವರ್ಷಕ್ಕೆ ಇಟ್ಟೆ. ಒಂದು ಮುಗಿದಾಗ ಅದನ್ನು ಮತ್ತೆ 3 ವರ್ಷಕ್ಕೆ ಹಾಕುತ್ತೇನೆ. ಹೀಗಾಗಿ ಪ್ರತಿ ವರ್ಷ ಒಂದು ಭಾಗ ಕೈಗೆ ಬರುತ್ತದೆ, ಅವಧಿಗೆ ಮುಂಚೆ ಮುರಿದು ಬಡ್ಡಿ ಕಳೆದುಕೊಳ್ಳುವ ಸಂದರ್ಭ ಕಡಿಮೆ. ಬ್ಯಾಂಕ್ ಮುಳುಗಿದರೆ ಹಣ ಕೊಡುವ ಠೇವಣಿ ವಿಮೆ ಎಷ್ಟರವರೆಗೆ ಇದೆ ಅಂತ ನೋಡಿ, ಅದರೊಳಗೇ ಇರಲಿ. ನಾಮಿನಿ ಹೆಸರನ್ನು ಅದೇ ದಿನ ಬರೆಸಿ, ಆಮೇಲೆ ಅನ್ನಬೇಡಿ. ಆದರೆ ಬೆಲೆ ಏರಿಕೆಯ ಮುಂದೆ ಎಫ್‌ಡಿ ಸೊರಗುತ್ತದೆ. 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ ನೋಡಿ. ವರ್ಷಕ್ಕೆ 6 ಪರ್ಸೆಂಟ್ ಏರಿದರೆ ಸುಮಾರು 12 ವರ್ಷದಲ್ಲಿ ಹಣದ ಬೆಲೆ ಅರ್ಧವಾಗುತ್ತದೆ. ಎಫ್‌ಡಿ ಬಡ್ಡಿಯೂ ಅಷ್ಟೇ ಇದ್ದು, ಅದರ ಮೇಲೆ ತೆರಿಗೆಯೂ ಬಿದ್ದರೆ ನಿಜವಾಗಿ ಏನೂ ಬೆಳೆದಿರುವುದಿಲ್ಲ.

ಬಾಂಡ್ ಫಂಡ್, ಅಂದರೆ ಸರ್ಕಾರ ಮತ್ತು ಕಂಪನಿಗಳ ಸಾಲಪತ್ರ ಕೊಳ್ಳುವ ಫಂಡ್, ಎಫ್‌ಡಿಯಂತೆಯೇ ಅಂತ ಹಲವರು ಹೇಳಿದರು. ಅಲ್ಲ. ಮಾರುಕಟ್ಟೆಯಲ್ಲಿ ಬಡ್ಡಿ ದರ ಏರಿದರೆ ಹಳೆಯ ಬಾಂಡಿನ ಬೆಲೆ ಇಳಿಯುತ್ತದೆ, ಅವಧಿ ಉದ್ದವಿದ್ದಷ್ಟೂ ಜಾಸ್ತಿ ಇಳಿಯುತ್ತದೆ. 2022ರಲ್ಲಿ ಹಲವು ದೇಶಗಳ ಬಾಂಡ್ ಫಂಡ್‌ಗಳು ಹೀಗೇ ನಷ್ಟ ಕಂಡವು. ನಾನು ಇದರಿಂದ ಹೊರಬಂದೆ.

ಚಿನ್ನಕ್ಕೆ ಸಣ್ಣ ಭಾಗ ಕೊಟ್ಟೆ. 2008ರಲ್ಲಿ ಶೇರುಗಳು ಕುಸಿದಾಗಲೂ ಚಿನ್ನ ನಿಂತಿತ್ತು ಅನ್ನುವುದು ನಿಜ. ಆದರೆ 1980ರ ಜನವರಿಯಲ್ಲಿ ಔನ್ಸಿಗೆ ಸುಮಾರು 850 ಡಾಲರ್ ಇದ್ದದ್ದು, ಮತ್ತೆ ಆ ಬೆಲೆ ಮುಟ್ಟಿದ್ದು 2008ರಲ್ಲಿ. ನಡುವೆ ಬಡ್ಡಿಯೂ ಇಲ್ಲ, ಡಿವಿಡೆಂಡೂ ಇಲ್ಲ. ಒಡವೆಯಾಗಿ ಕೊಂಡರೆ ಮಜೂರಿ ಬೇರೆ ಹೋಗುತ್ತದೆ. ಇದ್ದಷ್ಟು ಇರಲಿ, ಇನ್ನು ಸೇರಿಸುವುದಿಲ್ಲ.

ಇಂಡೆಕ್ಸ್ ಫಂಡ್, ಅಂದರೆ ಸೆನ್ಸೆಕ್ಸ್‌ನಂಥ ಒಂದು ಸೂಚ್ಯಂಕದಲ್ಲಿರುವ ಶೇರುಗಳನ್ನೆಲ್ಲ ಹಾಗೇ ಕೊಳ್ಳುವ ಫಂಡ್. ಇದರ ಬಗ್ಗೆ ನಾನು ಹೆಚ್ಚು ಓದಿದೆ, ಹೆಚ್ಚು ಅಳುಕಿದೆ. ಅಮೆರಿಕದ ವ್ಯಾನ್‌ಗಾರ್ಡ್ ಅನ್ನುವ ಫಂಡ್ ಕಂಪನಿ ಕಟ್ಟಿದ ಜಾನ್ ಬೋಗಲ್ 1976ರಲ್ಲಿ ಸಾಮಾನ್ಯ ಜನರಿಗಾಗಿ ಇಂಥ ಫಂಡ್ ತಂದಾಗ ಅವರ ವಾದ ಸರಳವಾಗಿತ್ತು: ಇಡೀ ಮಾರುಕಟ್ಟೆಯನ್ನು ಕೊಳ್ಳಿ, ಖರ್ಚು ತಗ್ಗಿಸಿ. ಖರ್ಚಿನ ಮಾತು ಸಣ್ಣದಲ್ಲ. ವರ್ಷಕ್ಕೆ 8 ಪರ್ಸೆಂಟ್‌ನಂತೆ 30 ವರ್ಷ ಬೆಳೆದರೆ 100 ಸುಮಾರು 1,006 ಆಗುತ್ತದೆ. ಶುಲ್ಕಕ್ಕೆ 1 ಪರ್ಸೆಂಟ್ ಹೋಗಿ 7 ಉಳಿದರೆ 761 ಅಷ್ಟೇ. ಹತ್ತಿರ ಹತ್ತಿರ ಕಾಲು ಭಾಗ ಶುಲ್ಕಕ್ಕೇ ಹೋಯಿತು, ಅಲ್ವಾ?

ಅಪಾಯವೂ ದೊಡ್ಡದೇ. ಅಮೆರಿಕದ ಎಸ್ ಅಂಡ್ ಪಿ 500 ಸೂಚ್ಯಂಕ 2007ರ ಅಕ್ಟೋಬರಿನಿಂದ 2009ರ ಮಾರ್ಚ್‌ವರೆಗೆ ಅರ್ಧಕ್ಕಿಂತ ಹೆಚ್ಚು ಬಿತ್ತು. ಜಪಾನಿನ ನಿಕ್ಕೇ ಸೂಚ್ಯಂಕ 1989ರ ಎತ್ತರವನ್ನು ಮತ್ತೆ ದಾಟಿದ್ದು 2024ರಲ್ಲಿ. ಇದನ್ನು ಓದಿದ ಮೇಲೆ ಒಂದೇ ದೇಶದ ಫಂಡ್ ಸಾಲದು ಅನ್ನಿಸಿತು.

ಒಂದೇ ಸಲ ಹಾಕಬೇಕೋ, ಕಂತಿನಲ್ಲೋ? ವ್ಯಾನ್‌ಗಾರ್ಡ್ 2012ರಲ್ಲಿ ಹಳೆಯ ಅಂಕಿಗಳನ್ನು ಪರೀಕ್ಷಿಸಿದಾಗ ಸುಮಾರು ಮೂರರಲ್ಲಿ ಎರಡು ಸಲ ಒಟ್ಟಿಗೆ ಹಾಕಿದ್ದೇ ಗೆದ್ದಿತ್ತು. ಗೊತ್ತಿದ್ದೂ ನಾನು ಕಂತನ್ನೇ ಆರಿಸಿದೆ. ಅತ್ತೆಯ ದುಡ್ಡು ಹಾಕಿದ ಮರುವಾರವೇ ಇಳಿಯುವುದನ್ನು ನೋಡುವ ಗಟ್ಟಿತನ ನನಗಿಲ್ಲ. ಕಂತಿನ ನಡುವೆ ಒಮ್ಮೆ ಚೆನ್ನಾಗಿಯೇ ಇಳಿಯಿತು. ಮಾರಲಿಲ್ಲ, ಏಕೆಂದರೆ ಹತ್ತಿರದ ಖರ್ಚಿನ ಹಣ ಎಫ್‌ಡಿಯಲ್ಲಿತ್ತು. ಮೊದಲು ಎಫ್‌ಡಿ, ಫಂಡ್ ಎರಡನ್ನೂ ಎದುರಾಳಿಗಳಂತೆ ನೋಡುತ್ತಿದ್ದೆ. ಎಫ್‌ಡಿ ಇದ್ದದ್ದರಿಂದಲೇ ಫಂಡಿನಲ್ಲಿ ಉಳಿಯಲು ಆಯಿತು.

ಈಗ ನನ್ನ ಸಾಲ ಮುಗಿದಿದೆ. ಚಿನ್ನದ ಸಣ್ಣ ಭಾಗ ಬಿಟ್ಟರೆ, ಉಳಿದದ್ದರಲ್ಲಿ ಐದು ವರ್ಷದೊಳಗೆ ಬೇಕಾಗುವುದೆಲ್ಲ ಎಫ್‌ಡಿ, ಆಮೇಲಿನದು ಇಂಡೆಕ್ಸ್ ಫಂಡ್. ಸಂಬಳ ಖಚಿತವಿಲ್ಲದವರು, ನಿವೃತ್ತಿಗೆ ಹತ್ತಿರ ಇರುವವರು ಎಫ್‌ಡಿಯ ಪಾಲನ್ನು ಇನ್ನೂ ಹೆಚ್ಚಿಸಿಕೊಳ್ಳಿ.